ಕಂಪೈಲರ್ ಮೊದಲು ಸಂಕಲನಕಾರನಾಗಿತ್ತು

ಕವನ ಸಂಕಲನ, ಕಥಾ ಸಂಕಲನ ಅನ್ನುತ್ತೇವಲ್ಲ, ಕಂಪೈಲರ್ ಎಂಬ ಹೆಸರಿಗೂ ಮೊದಲು ಇದ್ದದ್ದು ಅದೇ ಅರ್ಥ. ಇಂದಿನ ಪಠ್ಯಪುಸ್ತಕಗಳು ಅದನ್ನು, ಮನುಷ್ಯರು ಬರೆದ ಪ್ರೋಗ್ರಾಮನ್ನು ಕಂಪ್ಯೂಟರಿನ ಭಾಷೆಗೆ ತರುವ ಅನುವಾದಕ ಎನ್ನುತ್ತವೆ. ಆದರೆ 1952ರ ಹೊತ್ತಿಗೆ ಯುನಿವ್ಯಾಕ್ ಎಂಬ ಕಂಪ್ಯೂಟರಿಗೆಂದು ಅಮೆರಿಕದ ಗಣಿತಜ್ಞೆ ಗ್ರೇಸ್ ಹಾಪರ್ ಸಿದ್ಧಪಡಿಸಿದ ಎ-0 ಎಂಬ ಕಂಪೈಲರ್ ಮಾಡುತ್ತಿದ್ದದ್ದು ಬರೀ ಒಟ್ಟುಗೂಡಿಸುವ ಕೆಲಸ.

ಆಗಿನ ಪ್ರೋಗ್ರಾಮರುಗಳು ಸೈನ್, ವರ್ಗಮೂಲದಂಥ ಲೆಕ್ಕಗಳ ಸಬ್‌ರೂಟೀನುಗಳನ್ನು, ಅಂದರೆ ಮತ್ತೆ ಮತ್ತೆ ಬಳಸುವ ಪ್ರೋಗ್ರಾಮ್ ತುಣುಕುಗಳನ್ನು, ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಬೇಕಾದಾಗ ಒಬ್ಬರದನ್ನು ನೋಡಿ ಇನ್ನೊಬ್ಬರು ನಕಲು ಮಾಡುವುದು. ಎಲ್ಲವೂ ಯಂತ್ರದ ಸ್ಮೃತಿಯ ಸೊನ್ನೆಯ ಜಾಗದಿಂದ ಶುರುವಾಗುವಂತೆ ಬರೆದವು. ಹೊಸ ಜಾಗಕ್ಕೆ ತಂದರೆ ಒಳಗಿನ ವಿಳಾಸಗಳನ್ನೆಲ್ಲ ಕೈಯಲ್ಲೇ ಕೂಡಿ ಬದಲಿಸಬೇಕು. ನಕಲಿನಲ್ಲೂ ತಪ್ಪು, ಕೂಡುವುದರಲ್ಲೂ ತಪ್ಪು. ಹಾಪರ್ ಒಂದೊಂದಕ್ಕೂ ಗುರುತು ಕೊಟ್ಟು ಟೇಪಿಗೆ ಹಾಕಿದರು. ಗುರುತು ಹೇಳಿದರೆ ಸಾಕು, ಹುಡುಕಿ ಜೋಡಿಸುವುದು ಯಂತ್ರದ ಪಾಡು. ಈಗಿನವರು ಅದನ್ನು ಲಿಂಕರ್ ಅಂದಾರು.

ಅದೇ ವರ್ಷ ಮ್ಯಾಂಚೆಸ್ಟರಿನಲ್ಲಿ ಅಲಿಕ್ ಗ್ಲೆನಿ ಮಾಡಿದ ಆಟೋಕೋಡ್ ನಿಜಕ್ಕೂ ಅನುವಾದಿಸುತ್ತಿತ್ತು, ಬಳಸಿದವರು ಮಾತ್ರ ಕಡಿಮೆ.

ಜನ ಕಂಪೈಲರನ್ನು ನಂಬಬೇಕಿದ್ದರೆ ಅದು ಬರೆದ ಕೋಡಿಗೆ ವೇಗ ಬೇಕಿತ್ತು. 1953ರ ಕೊನೆಗೆ ಐಬಿಎಂನಲ್ಲಿ ಜಾನ್ ಬ್ಯಾಕಸ್ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಅದರ ಕಂಪೈಲರಿನ ಪ್ರಸ್ತಾಪ ಇಟ್ಟಾಗ ಅವರ ತಂಡಕ್ಕೆ ಭಾಷೆಯ ಚಿಂತೆ ಅಷ್ಟಾಗಿ ಇರಲಿಲ್ಲ. ಅದನ್ನು ಕೆಲಸ ಮಾಡುತ್ತ ಮಾಡುತ್ತಲೇ ಕಟ್ಟಿಕೊಂಡರು. ಯಂತ್ರ ಬರೆದ ಕೋಡು ಕೈಯಲ್ಲಿ ಬರೆದದ್ದರ ಅರ್ಧ ವೇಗದಲ್ಲಿ ಓಡಿದರೂ ಯಾರೂ ಮುಟ್ಟುವುದಿಲ್ಲ ಎಂಬುದೇ ಭಯ. ಗಂಟೆಗಿಷ್ಟೆಂದು ದುಡ್ಡು ತೆತ್ತು ಓಡಿಸುವ ಯಂತ್ರ, ಭಯ ಸಹಜವೇ.

ಫೋರ್ಟ್ರಾನ್ ಓಡಬೇಕಿದ್ದ ಐಬಿಎಂ 704 ಕಂಪ್ಯೂಟರಿನಲ್ಲಿ ಇಂಡೆಕ್ಸ್ ರಿಜಿಸ್ಟರುಗಳು, ಅಂದರೆ ಲೂಪಿನ (ಮತ್ತೆ ಮತ್ತೆ ನಡೆಯುವ ಭಾಗದ) ಎಣಿಕೆ ಇಟ್ಟುಕೊಳ್ಳುವ ಪುಟ್ಟ ಜಾಗಗಳು, ಮೂರೇ. ಲೂಪಿನೊಳಗೆ ಲೂಪು ಬಂದಾಗ ಯಾವುದನ್ನು ಯಾರಿಗೆ ಕೊಡುವುದು? ಇದಕ್ಕೆ ತಂಡದ ಲೋಯಿಸ್ ಹೈಬ್ಟ್ ಬರೆದ ಕಂಪೈಲರಿನ ಭಾಗ ಪ್ರೋಗ್ರಾಮನ್ನು ಸುಳ್ಳುಸುಳ್ಳೇ ಓಡಿಸಿ ನೋಡುತ್ತಿತ್ತು. ಕವಲು ಬಂದಲ್ಲೆಲ್ಲ ಯಾದೃಚ್ಛಿಕ ಸಂಖ್ಯೆ ತೆಗೆದು ದಾರಿ ಹಿಡಿದು, ಯಾವ ತುಣುಕು ಹೆಚ್ಚು ಸಲ ನಡೆಯುತ್ತದೆಂದು ಎಣಿಸುತ್ತಿತ್ತು. ಆ ಎಣಿಕೆ ನೋಡಿ ಶೆಲ್ಡನ್ ಬೆಸ್ಟ್ ಬರೆದ ಭಾಗ ರಿಜಿಸ್ಟರ್ ಹಂಚುತ್ತಿತ್ತು. 1950ರ ದಶಕಕ್ಕೆ ಇದು ಅತಿಯಾಸೆಯ ಕೆಲಸವೆಂದೇ ನನಗನ್ನಿಸುವುದು. ಯಾವಾಗ ಕೇಳಿದರೂ ಇನ್ನಾರು ತಿಂಗಳು ಅನ್ನುತ್ತಿದ್ದ ತಂಡ ಮುಗಿಸಿದ್ದು 1957ಕ್ಕೆ.

ಆ ಏಪ್ರಿಲಿನಲ್ಲಿ ಪಿಟ್ಸ್‌ಬರ್ಗ್ ಬಳಿಯ ವೆಸ್ಟಿಂಗ್‌ಹೌಸ್ ಬೆಟಿಸ್ ಪ್ರಯೋಗಾಲಯಕ್ಕೆ ಸುಮಾರು 2000 ಪಂಚ್ ಕಾರ್ಡುಗಳ ಪೆಟ್ಟಿಗೆ ಬಂತು. ಜೊತೆಗೆ ಒಂದು ಚೀಟಿಯೂ ಇಲ್ಲ. ಇದು ಕಾಯುತ್ತಿದ್ದ ಕಂಪೈಲರೇ ಇರಬೇಕೆಂದು ಊಹಿಸಿ, ಯಂತ್ರಕ್ಕೆ ತುಂಬಿ, ಪರೀಕ್ಷೆಗೆ ಒಂದು ಪ್ರೋಗ್ರಾಮ್ ಕೊಟ್ಟರು. ಒಂದೇ ಒಂದು ತಪ್ಪು ಹೇಳಿತು: ಬೇರೆ ಸಾಲಿಗೆ ಜಿಗಿಯಲು ಹೇಳುವ ‘ಗೋ ಟು’ ಸಾಲಿನಲ್ಲಿ ಅಲ್ಪವಿರಾಮ ಬಿಟ್ಟುಹೋಗಿದೆ. ಕಾರ್ಡು ಬದಲಿಸಿ ಮತ್ತೆ ಹಾಕಿದರು. ಓಡಿತು.