ಗೆರೆ ಕಡಿಯೋಣವೇ, ಚುಕ್ಕಿ ಸೀಳೋಣವೇ?

ಟ್ವಿಟರ್‌ನಲ್ಲಿ ಯಾರು ಯಾರನ್ನು ಫಾಲೋ ಮಾಡುತ್ತಾರೆ ಎಂಬುದನ್ನೆಲ್ಲ ಕಲೆಹಾಕಿ ದಕ್ಷಿಣ ಕೊರಿಯಾದ ಕೈಸ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದರು: 4.17 ಕೋಟಿ ಖಾತೆ, 147 ಕೋಟಿ ಸಂಬಂಧ. ಖಾತೆಯನ್ನು ಚುಕ್ಕಿ, ಸಂಬಂಧವನ್ನು ಗೆರೆ ಎಂದುಕೊಂಡರೆ ಇದೊಂದು ಗ್ರಾಫ್. ಇಂಥ ಗ್ರಾಫ್ ಬೆಳೆದು ಒಂದು ಸರ್ವರ್‌ನಲ್ಲಿ ಹಿಡಿಸದಾದಾಗ ಹಂಚಲೇಬೇಕು. ತಕರಾರು ಇರುವುದು ಎಲ್ಲಿ ಕತ್ತರಿಸುವುದು ಎಂಬಲ್ಲಿ.

ಸಲೀಸಾದ ದಾರಿ ಹ್ಯಾಶಿಂಗ್. ಖಾತೆಯ ಐಡಿಯಿಂದ ಒಂದು ಸಂಖ್ಯೆ ಮಾಡಿ, ಸರ್ವರ್‌ಗಳ ಸಂಖ್ಯೆಯಿಂದ ಭಾಗಿಸಿ, ಬಂದ ಶೇಷದ ಸರ್ವರ್‌ಗೆ ಹಾಕಿದರಾಯಿತು. ಗೂಗಲ್‌ನ ಗ್ರಾಫ್ ಸಂಸ್ಕರಣಾ ವ್ಯವಸ್ಥೆ ಪ್ರೆಗೆಲ್ ಕೂಡ ಬೇರೆ ಸೂಚನೆ ಇಲ್ಲದಿದ್ದರೆ ಹೀಗೇ ಹಂಚುತ್ತಿತ್ತು. ಆದರೆ ಹ್ಯಾಶ್‌ಗೆ ನೆಂಟಸ್ತಿಕೆ ಗೊತ್ತಿಲ್ಲ. ಹತ್ತು ಸರ್ವರ್‌ಗಳಿದ್ದರೆ ಸರಾಸರಿ ಶೇ 90ರಷ್ಟು ಗೆರೆಗಳು ಸರ್ವರ್ ದಾಟುತ್ತವೆ. ನೂರಿದ್ದರೆ ಶೇ 99. ‘ಸ್ನೇಹಿತರ ಸ್ನೇಹಿತರು ಯಾರು’ ಎಂಬ ಸಾದಾ ಕ್ವೆರಿಗೂ ನೆಟ್‌ವರ್ಕ್ ತುಂಬ ಓಡಾಟ.

ಮಿನ್ನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಕರಿಪಿಸ್ ಮತ್ತು ವಿಪಿನ್ ಕುಮಾರ್ 1990ರ ದಶಕದಲ್ಲಿ ರೂಪಿಸಿದ, ಗ್ರಾಫ್ ಹೋಳು ಮಾಡುವ ಸಾಫ್ಟ್‌ವೇರ್ ಮೆಟಿಸ್ ಇದಕ್ಕಿಂತ ಜಾಣ. ಪಕ್ಕಪಕ್ಕದ ಚುಕ್ಕಿಗಳನ್ನು ಬೆಸೆಯುತ್ತ ಗ್ರಾಫನ್ನು ಕುಗ್ಗಿಸಿ, ಪುಟ್ಟದಾದ ಮೇಲೆ ಹೋಳು ಮಾಡಿ, ಮತ್ತೆ ಬಿಡಿಸುವಾಗ ಅಂಚುಗಳನ್ನು ತಿದ್ದುತ್ತದೆ. ರಸ್ತೆಜಾಲದಂಥ ಗ್ರಾಫ್‌ಗಳಲ್ಲಿ ಕಡಿಯುವ ಗೆರೆ ತೀರಾ ಕಡಿಮೆ.

ಸೋಶಿಯಲ್ ಮೀಡಿಯಾದ ಕಥೆಯೇ ಬೇರೆ. ಟ್ವಿಟರ್ ಗ್ರಾಫ್‌ನಲ್ಲಿ ಶೇ 1ರಷ್ಟು ಚುಕ್ಕಿಗಳೇ ಸುಮಾರು ಅರ್ಧದಷ್ಟು ಗೆರೆಗಳನ್ನು ಹಿಡಿದಿವೆ. ತಾರೆಯೊಬ್ಬರನ್ನು ಯಾವ ಸರ್ವರ್‌ನಲ್ಲಿಟ್ಟರೂ ಅದು ಬಸವಳಿಯುತ್ತದೆ. 2012ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಿಂದ ಬಂದ ಪವರ್‌ಗ್ರಾಫ್ ವ್ಯವಸ್ಥೆ ಲೆಕ್ಕವನ್ನೇ ತಿರುಗಿಸಿತು: ಗೆರೆಗಳನ್ನು ಹಂಚಿ, ಚುಕ್ಕಿಯನ್ನೇ ಸೀಳಿತು. ತಾರೆಯ ಅಸಲು ಪ್ರತಿ ಒಂದು ಕಡೆ, ನಕಲುಗಳು ಗೆರೆ ಇರುವ ಕಡೆಯಲ್ಲೆಲ್ಲ. ಪ್ರತಿ ಸರ್ವರ್ ತನ್ನ ಪಾಲಿನ ಗೆರೆಗಳನ್ನು ಕೂಡಿ ಅಸಲಿಗೆ ಒಂದೇ ಮೊತ್ತ ಕಳಿಸುತ್ತದೆ. ಗೆರೆಗಳಿಂದ ಚುಕ್ಕಿಗಳ ಮಹತ್ವ ಅಳೆಯುವ ಪೇಜ್‌ರ್ಯಾಂಕ್‌ನಂತೆ ಇಡೀ ಗ್ರಾಫನ್ನು ಜಾಲಾಡುವ ಕೆಲಸಕ್ಕೆ ನನ್ನ ಓಟು ಇದಕ್ಕೇ. ಅಸಲು ಬದಲಾದಾಗಲೆಲ್ಲ ನಕಲುಗಳನ್ನೂ ತಿದ್ದಬೇಕು, ನಿಜ.

ಕ್ಷಣಕ್ಷಣಕ್ಕೂ ಸಣ್ಣಪುಟ್ಟ ಕ್ವೆರಿಗಳು ಬೀಳುವಲ್ಲಿ ಮಾತ್ರ ಅಂದದ ಹೋಳಿಗಿಂತ ಒಂದೇ ಕಡೆ ಉತ್ತರ ಸಿಗುವುದು ಮುಖ್ಯ. ಫೇಸ್‌ಬುಕ್ 2013ರಲ್ಲಿ ವಿವರಿಸಿದ ಟಾವೋ ವ್ಯವಸ್ಥೆ, ಗೆರೆ ಯಾವ ಚುಕ್ಕಿಯಿಂದ ಹೊರಡುತ್ತದೋ ಅದರ ಜೊತೆಗೇ ಇಡುತ್ತದೆ. ಹಾಗಾಗಿ ಒಂದು ಸ್ನೇಹವನ್ನು ಎರಡು ಸಲ ಬರೆಯಬೇಕು: ನಿಮ್ಮ ಕಡೆ ಒಂದು, ಅವರ ಕಡೆ ಒಂದು. ನಡುವೆ ಏನಾದರೂ ಕೆಟ್ಟರೆ ಒಬ್ಬರಿಗೆ ಮಾತ್ರ ಸ್ನೇಹವಿರುತ್ತದೆ. ಹಾಗೆ ತೂಗಾಡುವ ಅರೆ ಗೆರೆಗಳನ್ನು ಆಮೇಲೆ ಸರಿಪಡಿಸಲೆಂದೇ ಹಿನ್ನೆಲೆಯಲ್ಲಿ ಬೇರೊಂದು ಪ್ರೋಗ್ರಾಮ್ ಇದೆ.