ಹಿಟ್ಟಿನ ಕೆಂಪು ದುಂಬಿ: ಅಂಗಾತ ಮಲಗಿಸಿ ನೋಡಿ

ರವೆ, ಮೈದಾ ಜರಡಿ ಹಿಡಿದಾಗ ಉಳಿಯುವ ಕಂದು ಹುಳಗಳೆಲ್ಲ ಒಂದೇ ಜಾತಿಯವಲ್ಲ. ಮೂತಿ ಸೊಂಡಿಲಿನಂತೆ ಚಾಚಿದ್ದರೆ ಅದು ಅಕ್ಕಿಯ ನುಸಿ. ತಲೆಯ ಹಿಂದಿನ ಕವಚದ ಎರಡೂ ಅಂಚಿನಲ್ಲಿ ಆರಾರು ಹಲ್ಲುಗಳಿದ್ದರೆ ಗರಗಸ ದುಂಬಿ. ಇವೆರಡನ್ನೂ ಬದಿಗಿಟ್ಟ ಮೇಲೆ ಉಳಿಯುವ, 3–4 ಮಿ.ಮೀ. ಉದ್ದದ ಕೆಂಗಂದು ಹುಳ ಬಹುಮಟ್ಟಿಗೆ ಟ್ರೈಬೋಲಿಯಂ ಕುಲದ್ದು.

ಈ ಕುಲ ಸೇರಿದ ಟೆನೆಬ್ರಿಯೊನಿಡೆ ಕುಟುಂಬದಲ್ಲಿ 20,000ಕ್ಕೂ ಹೆಚ್ಚು ಪ್ರಭೇದಗಳಿವೆ. ಆಕಾರ ಒಂದೊಂದರದು ಒಂದೊಂದು ಬಗೆ, ಹಾಗಾಗಿ ಕುಟುಂಬ ಗುರುತಿಸಲು ಪಾದದ ಗೆಣ್ಣು ಎಣಿಸಬೇಕು: ಮುಂದಿನ, ನಡುವಿನ ಕಾಲುಗಳಲ್ಲಿ ಐದೈದು, ಹಿಂಗಾಲಲ್ಲಿ ನಾಲ್ಕು. ಇಷ್ಟೇ ಸಾಲದು, ಮೈಗೆ ತಾಗಿದರೆ ಬೊಬ್ಬೆ ಏಳಿಸುವ ದುಂಬಿಗಳಲ್ಲೂ ಇದೇ ಲೆಕ್ಕ. ಮೀಸೆಯ ಬುಡ ತಲೆಯ ಅಂಚಿನಡಿ ಅಡಗಿದೆಯೇ, ಹೊಟ್ಟೆಯಡಿಯ ಮೊದಲ ಮೂರು ಫಲಕಗಳು ಬೆಸೆದುಕೊಂಡಿವೆಯೇ ಎಂದೂ ನೋಡಬೇಕು.

ಹುಳವನ್ನು ಫ್ರೀಜರಿನಲ್ಲಿಟ್ಟು ಕೊಂದು, 70% ಆಲ್ಕೋಹಾಲಿನಲ್ಲಿ ಇಡಿ. ಪಾದಕ್ಕೆ ಹಿಟ್ಟು ಮೆತ್ತಿದ್ದರೆ ಎಣಿಕೆ ತಪ್ಪುತ್ತದೆ. ಸೋಪುನೀರು ಅದ್ದಿದ ಸಣ್ಣ ಕುಂಚದಿಂದ ತೊಳೆದು, ಸುಮಾರು 40 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಡಿ ಅಂಗಾತ ಮಲಗಿಸಿ.

ಗೊಂದಲ ಹೆಚ್ಚು ಇರುವುದು ಟ್ರೈಬೋಲಿಯಂನ ಎರಡು ಪ್ರಭೇದಗಳಾದ ಕ್ಯಾಸ್ಟೇನಿಯಂ (ಇದೇ ಹಿಟ್ಟಿನ ಕೆಂಪು ದುಂಬಿ) ಮತ್ತು ಕನ್‌ಫ್ಯೂಸಂ ನಡುವೆ. ಕ್ಯಾಸ್ಟೇನಿಯಂ ಮೀಸೆಯ ಕೊನೆಯ ಮೂರು ಗೆಣ್ಣುಗಳು ಥಟ್ಟನೆ ದಪ್ಪಗಾಗುತ್ತವೆ. ಕನ್‌ಫ್ಯೂಸಂನದು ತುದಿಯತ್ತ ನಿಧಾನವಾಗಿ ದಪ್ಪಗಾಗುತ್ತದೆ. ಆದರೆ ಮೀಸೆ ಮುರಿಯುತ್ತದೆ, ಓರೆಯಾಗಿ ಕಂಡರೆ ಮೋಸ ಮಾಡುತ್ತದೆ. ಹುಳದ ಕಣ್ಣನ್ನೇ ನಂಬುವುದು ಲೇಸು. ಕೆಳಗಿನಿಂದ ನೋಡಿದಾಗ ಎರಡು ಕಣ್ಣುಗಳ ನಡುವಿನ ಅಂತರ ಹೆಚ್ಚುಕಡಿಮೆ ಒಂದು ಕಣ್ಣಿನಗಲ ಇದ್ದರೆ ಕ್ಯಾಸ್ಟೇನಿಯಂ, ಸುಮಾರು ಮೂರು ಕಣ್ಣಿನಗಲ ಇದ್ದರೆ ಕನ್‌ಫ್ಯೂಸಂ. ಕನ್‌ಫ್ಯೂಸಂಗೆ ಕಣ್ಣಿನ ಮೇಲೆ ಏಣೂ ಇರುತ್ತದೆ.

ಬಣ್ಣ ನೋಡಿ ಹೆಸರಿಡುವುದಂತೂ ಬೇಡವೇ ಬೇಡ. ಕೋಶದಿಂದ (ಪ್ಯೂಪಾ) ಆಗಷ್ಟೇ ಹೊರಬಿದ್ದ ದುಂಬಿ ತಿಳಿಗಂದು, ದಿನ ಕಳೆದಂತೆ ಕಡುಗಂದು. ಕ್ಯಾಸ್ಟೇನಿಯಂ ಬೆಚ್ಚಗಿದ್ದರೆ ಹಾರುತ್ತದೆ, ಕನ್‌ಫ್ಯೂಸಂ ಹಾರುವುದಿಲ್ಲ. ಹಾಗೆಂದು ತಣ್ಣನೆಯ ಕೋಣೆಯಲ್ಲಿ ಸುಮ್ಮನೆ ಕುಳಿತದ್ದನ್ನೆಲ್ಲ ಕನ್‌ಫ್ಯೂಸಂ ಎನ್ನಲಾಗದು. ನಮ್ಮಂಥ ಬಿಸಿ ನಾಡಿನಲ್ಲಿ ಸಿಗುವುದು ಹೆಚ್ಚಾಗಿ ಕ್ಯಾಸ್ಟೇನಿಯಂ, ಆದರೂ ಕಣ್ಣು ನೋಡದೆ ಚೀಟಿ ಬರೆಯಬಾರದು.

ಗಂಡು ಕ್ಯಾಸ್ಟೇನಿಯಂನ ಮುಂದಿನ ತೊಡೆಯ ಅಡಿಭಾಗದಲ್ಲಿ ಕೂದಲು ತುಂಬಿದ ಪುಟ್ಟ ಗುಳಿಯಿದೆ. ಗಂಡು ಕನ್‌ಫ್ಯೂಸಂಗೆ ಅದಿಲ್ಲ. ಹೆಣ್ಣು ಕೋಶದ ಹಿಂತುದಿಯಲ್ಲಿ ಎರಡು ಉಬ್ಬು ಮೊಳೆಗಳು ಎದ್ದು ಕಾಣುತ್ತವೆ. ಗಂಡಿನೊಂದಿಗೆ ಕೂಡದ ಹೆಣ್ಣುಗಳು ಬೇಕಿರುವ ಪ್ರಯೋಗಾಲಯದವರು ಹುಳಗಳನ್ನು ಕೋಶದ ಹಂತದಲ್ಲೇ ಬೇರ್ಪಡಿಸುತ್ತಾರೆ.