ಎಲ್ಲ ಹೊಲಕ್ಕೂ, ಎಲ್ಲ ವರ್ಷಕ್ಕೂ ಒಗ್ಗುವ ಎಳ್ಳಿನ ತಳಿ ಉಂಟೇ?

ಪ್ರಶ್ನೆ: ನಮ್ಮದು ಇಂಡಿ ತಾಲ್ಲೂಕಿನ ಮಳೆಯಾಶ್ರಿತ ಹೊಲ. ಬೈಲಹೊಂಗಲದ ನಮ್ಮ ಬೀಗರಿಗೆ ಚೆನ್ನಾಗಿ ಬಂದ ಎಳ್ಳಿನ ಬೀಜವನ್ನೇ ತಂದು ಬಿತ್ತಿದರೂ ನಮಗೆ ಅರ್ಧದಷ್ಟು ಇಳುವರಿಯೂ ಬರಲಿಲ್ಲ. ತಪ್ಪು ತಳಿಯದೋ, ಹೊಲದ್ದೋ?

ಉತ್ತರ: ಇಳುವರಿ ತಗ್ಗಿದ ಮಾತ್ರಕ್ಕೆ ತಳಿಯನ್ನು ದೂರಲಾಗದು. ಬೈಲಹೊಂಗಲ ಉತ್ತರದ ಅರೆಮಲೆನಾಡು ವಲಯಕ್ಕೆ ಸೇರಿದರೆ ಇಂಡಿ ಉತ್ತರದ ಒಣವಲಯಕ್ಕೆ ಸೇರುತ್ತದೆ. ನಿಮ್ಮಲ್ಲಿ ಬೇರೆ ಯಾವ ತಳಿ ಬಿತ್ತಿದ್ದರೂ ಅಷ್ಟೇ ಬರುತ್ತಿತ್ತೇನೋ. ಕೇಳಬೇಕಾದದ್ದು ಇಷ್ಟು: ಅಲ್ಲಿ ಇಳುವರಿಯಲ್ಲಿ ಉಳಿದ ತಳಿಗಳಿಗಿಂತ ಮುಂದಿದ್ದ ತಳಿ ಇಲ್ಲಿಯೂ ಮುಂದೆಯೇ ನಿಂತಿತೇ, ಅಥವಾ ಹಿಂದೆ ಬಿದ್ದಿತೇ? ನೆಲ ಬದಲಾದಂತೆ ತಳಿಗಳ ಸರದಿಯೇ ಬದಲಾದರೆ ಅದನ್ನು ತಳಿ ಮತ್ತು ಪರಿಸರದ ಪರಸ್ಪರ ಪ್ರಭಾವ ಎನ್ನುತ್ತಾರೆ.

ಎಳ್ಳಿನಲ್ಲಿ ಈ ಪ್ರಭಾವ ಎದ್ದು ಕಾಣುತ್ತದೆ. ಮೂರು ತಿಂಗಳೊಳಗೆ ಮುಗಿಯುವ ಬೆಳೆಯಾದ್ದರಿಂದ ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಚೇತರಿಸಿಕೊಳ್ಳಲು ಅದಕ್ಕೆ ಹೆಚ್ಚು ಸಮಯವಿರುವುದಿಲ್ಲ. ಅದೇ ಎರೆ ಭೂಮಿಯಲ್ಲಿ ಒಂದೆರಡು ದಿನ ನೀರು ನಿಂತರೂ ಬೇರು ಉಸಿರುಗಟ್ಟಿ ಗಿಡ ಹಳದಿಯಾಗಿ ಸೊರಗುತ್ತದೆ. ಜಿಗಿಹುಳು ಹರಡುವ ಫಿಲ್ಲೋಡಿ ರೋಗ ತಗುಲಿದ ಗಿಡದಲ್ಲಿ ಹೂವಿನ ಜಾಗದಲ್ಲಿ ಹಸಿರು ಎಲೆಯ ಗೊಂಚಲು ಮೂಡುತ್ತದೆ, ಕಾಯಿ ಕಟ್ಟುವುದಿಲ್ಲ. ಕೊಯ್ಲಿನಲ್ಲಿಯೂ ನಷ್ಟ ತಪ್ಪಿದ್ದಲ್ಲ: ಗಿಡದ ತುದಿಯಲ್ಲಿ ಇನ್ನೂ ಹಸಿಗಾಯಿ ಇರುವಾಗಲೇ ಬುಡದ ಕಾಯಿ ಒಣಗಿ ಬಾಯಿ ಬಿಡುತ್ತದೆ, ನಾಲ್ಕು ದಿನ ತಡವಾದರೆ ಕಾಳು ನೆಲದ ಪಾಲಾಗುತ್ತದೆ. ಈ ಒಂದೊಂದನ್ನೂ ಒಂದೊಂದು ತಳಿ ಒಂದೊಂದು ಬಗೆಯಲ್ಲಿ ತಾಳಿಕೊಳ್ಳುತ್ತದೆ.

ಹೊಲ, ವರ್ಷ ಬದಲಾದಾಗ ತಳಿ ಎಷ್ಟು ಸ್ಥಿರವಾಗಿ ನಿಲ್ಲುತ್ತದೆ ಎಂಬುದನ್ನು ಅಳೆಯಲು 1966ರಲ್ಲಿ ಎಬರ್‌ಹಾರ್ಟ್ ಮತ್ತು ರಸೆಲ್ ಸೂಚಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಲೆಕ್ಕಕ್ಕಾಗಿ ಎರಡು ತಳಿಗಳನ್ನು ಊಹಿಸಿಕೊಳ್ಳಿ. ಒಳ್ಳೆಯ, ಸಾಧಾರಣ ಮತ್ತು ಬಡ ಹೊಲಗಳಲ್ಲಿ ಮೊದಲನೆಯದು ಎಕರೆಗೆ 2.5, 2 ಮತ್ತು 1.5 ಕ್ವಿಂಟಲ್ ಕೊಟ್ಟಿತು. ಎರಡನೆಯದು 3, 2 ಮತ್ತು 1 ಕ್ವಿಂಟಲ್ ಕೊಟ್ಟಿತು. ಎರಡರ ಸರಾಸರಿಯೂ 2 ಕ್ವಿಂಟಲ್. ಆದರೆ ಒಂದು ಹೊಲದಿಂದ ಇನ್ನೊಂದಕ್ಕೆ ಎರಡೂ ತಳಿಗಳ ಸರಾಸರಿ ಒಂದು ಕ್ವಿಂಟಲ್ ಏರಿದಾಗ ಮೊದಲ ತಳಿ 0.67ರಷ್ಟು, ಎರಡನೆಯದು 1.33ರಷ್ಟು ಏರುತ್ತದೆ. ಏರಿಕೆಯ ಈ ಪ್ರಮಾಣ, ಅಂದರೆ ಗುಣಾಂಕ, 1ಕ್ಕಿಂತ ಹೆಚ್ಚಿದ್ದರೆ ತಳಿ ನೀರು, ಗೊಬ್ಬರ ಇದ್ದಲ್ಲಿ ಮೆರೆಯುವಂಥದ್ದು. ಕಡಿಮೆಯಿದ್ದರೆ ಬಡ ನೆಲದಲ್ಲಿಯೂ ಅಷ್ಟಾಗಿ ಕುಸಿಯದಂಥದ್ದು. ಗುಣಾಂಕ ತೋರಿಸುವ ಏರಿಕೆಯ ಗೆರೆಯಿಂದ ತಳಿಯ ನಿಜವಾದ ಇಳುವರಿ ಎಷ್ಟು ಅತ್ತಿತ್ತ ಸರಿಯುತ್ತದೆ ಎಂಬುದನ್ನೂ ನೋಡಬೇಕು, ಏಕೆಂದರೆ ತೀರ ಸರಿಯುವ ತಳಿಯ ನಡೆಯನ್ನು ಮುಂಚಿತವಾಗಿ ಹೇಳಲು ಬರುವುದಿಲ್ಲ. ಎಲ್ಲ ಕಡೆಯೂ ಒಂದೇ ಸಮನೆ ಕಡಿಮೆ ಕೊಡುವ ತಳಿಯೂ ಲೆಕ್ಕದಲ್ಲಿ ಸ್ಥಿರವೆನಿಸಿಕೊಳ್ಳುವುದರಿಂದ ಸರಾಸರಿಯನ್ನೂ ಜೊತೆಗಿಟ್ಟುಕೊಳ್ಳಲೇಬೇಕು.

ನಿಮ್ಮಂಥ ಮಳೆಯಾಶ್ರಿತ ಹೊಲಕ್ಕೆ ನಾನು ಮೊದಲ ಬಗೆಯ ತಳಿಯನ್ನೇ ಆರಿಸುತ್ತೇನೆ, ಏಕೆಂದರೆ ಬರದ ವರ್ಷದಲ್ಲಿ ಸಿಗುವ ಆ ಅರ್ಧ ಕ್ವಿಂಟಲ್ ಮನೆಗೆ ದೊಡ್ಡದು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಎಸ್‌-9ರಂಥ ತಳಿಯ ಬಗ್ಗೆ ಕೇಳುವಾಗ ಗರಿಷ್ಠ ಇಳುವರಿಯನ್ನಷ್ಟೇ ಕೇಳದೆ, ವಿಜಯಪುರದ ಹಿಟ್ನಳ್ಳಿ ಕೃಷಿ ಸಂಶೋಧನಾ ಕೇಂದ್ರದಂಥ ಒಣ ಪ್ರದೇಶದಲ್ಲಿ ಮಳೆ ಕಡಿಮೆಯಾದ ವರ್ಷ ಅದು ಎಷ್ಟು ಕೊಟ್ಟಿತೆಂದು ವಿಚಾರಿಸಿ. ಜೊತೆಗೆ ಒಂದೇ ಹೊಲದಲ್ಲಿ, ಒಂದೇ ದಿನ, ಎರಡು ತಳಿಗಳನ್ನು ಪಕ್ಕಪಕ್ಕದ ಪಟ್ಟಿಗಳಲ್ಲಿ ಬಿತ್ತಿ. ಸಿವುಡುಗಳನ್ನು ಬೇರೆಬೇರೆಯಾಗಿ ನಿಲ್ಲಿಸಿ ಒಣಗಿಸಿ, ತಾಡಪತ್ರಿಯ ಮೇಲೆ ಬೋರಲು ಹಿಡಿದು ಬಡಿದು, ಒಂದೊಂದರ ಕಾಳನ್ನೂ ಪ್ರತ್ಯೇಕವಾಗಿ ತೂಗಿ ಬರೆದಿಡಿ. ಮೂರು ಮುಂಗಾರುಗಳ ಲೆಕ್ಕ ಕೈಯಲ್ಲಿದ್ದರೆ ನಿಮ್ಮ ಪ್ರಶ್ನೆಗೆ ನಿಮ್ಮ ಹೊಲದ ಉತ್ತರವೇ ಸಿಕ್ಕಿರುತ್ತದೆ.